ಘಾಟಿ ಏರಿದ ಎಂಜಿನ್ನುಗಳು: ಕಾಫಿ ಸೀಮೆಯ ವಾಹನಗಳೂ ಕುದಿವ ರೇಡಿಯೇಟರೂ

ಚಿಕ್ಕಮಗಳೂರಿನ ಕಾಫಿ ಸೀಮೆಯಲ್ಲಿ ಮೋಟಾರು ವಾಹನಗಳ ಚರಿತ್ರೆ ಎಂಜಿನ್ನನ್ನು ತಣ್ಣಗಿಡುವ ಪ್ರಯತ್ನದ ಚರಿತ್ರೆಯೂ ಹೌದು. ಬೆಳ್ತಂಗಡಿ ತಾಲ್ಲೂಕಿನ ಚಾರ್ಮಾಡಿಯಿಂದ ಮೂಡಿಗೆರೆ ತಾಲ್ಲೂಕಿನ ಕೊಟ್ಟಿಗೆಹಾರಕ್ಕೆ ಏರುವ ಘಾಟಿಯಲ್ಲಿ 11 ಹಿಮ್ಮುರಿ ತಿರುವುಗಳಿವೆ. ತುಂಬಿದ ಗಾಡಿ ಇಲ್ಲಿ ಒಂದು, ಎರಡನೇ ಗೇರಿನಲ್ಲೇ ಏರಬೇಕು. ಎಂಜಿನ್ ವೇಗವಾಗಿ ತಿರುಗುತ್ತದೆ, ಗಾಡಿ ನಿಧಾನವಾಗಿ ಸಾಗುತ್ತದೆ. ಶಾಖ ಹೆಚ್ಚು, ರೇಡಿಯೇಟರಿಗೆ ಬಡಿಯುವ ಗಾಳಿ ಕಡಿಮೆ. ಪಡುವಣ ಗಾಳಿ ಬೆನ್ನ ಹಿಂದಿನಿಂದ ಬೀಸುವಾಗ ಅದೂ ಇನ್ನಷ್ಟು ತಗ್ಗುತ್ತದೆ. ಎತ್ತರವೂ ಸೇರಿಕೊಳ್ಳುತ್ತದೆ: ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್ ಮೇಲಿರುವ ಈ ಸೀಮೆಯಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯುತ್ತದೆ.

ಎತ್ತಿನ ಗಾಡಿಗಳು ಕಾಫಿ ಮೂಟೆಗಳನ್ನು ಕರಾವಳಿಗೆ ಇಳಿಸುತ್ತಿದ್ದ ಕಾಲದ ನಂತರ ಮೋಟಾರು ಬಂತು. ಜಗತ್ತಿನ ಆರಂಭದ ಕಾರುಗಳಲ್ಲಿ ಹಲವಕ್ಕೆ ನೀರಿನ ಪಂಪೇ ಇರಲಿಲ್ಲ. 1908ರ ಫೋರ್ಡ್ ಟಿ ಮಾದರಿಯ ಬಹುಪಾಲು ಗಾಡಿಗಳಲ್ಲಿ ಬಿಸಿ ನೀರು ತಾನಾಗಿ ಮೇಲೇರಿ, ರೇಡಿಯೇಟರಿನಲ್ಲಿ ತಣಿದು ಕೆಳಗಿಳಿಯುತ್ತಿತ್ತು. ವ್ಯವಸ್ಥೆ ತೆರೆದದ್ದು, ಕುದಿದರೆ ಆವಿಯಾಗಿ ಹೋಗುತ್ತಿತ್ತು. ಅಂಥ ಗಾಡಿಯಲ್ಲಿ ದೋಷ ಹುಡುಕುವುದೆಂದರೆ ಮುಖ್ಯವಾಗಿ ನೀರಿನ ಮಟ್ಟ ನೋಡುವುದು.

ಎರಡನೆಯ ಘಟ್ಟ ಜೀಪಿನದು. ಮಹೀಂದ್ರಾ ಕಂಪನಿ 1947ರಿಂದ ವಿಲ್ಲಿಸ್ ಜೀಪುಗಳನ್ನು ಭಾರತದಲ್ಲಿ ಜೋಡಿಸತೊಡಗಿತು. ಗೊಬ್ಬರ, ಕಾಫಿ ಚೀಲ, ಆಳುಗಳನ್ನು ಕೆಸರಿನ ದಾರಿಯಲ್ಲೂ ಸಾಗಿಸಬಲ್ಲ ಜೀಪು ತೋಟಗಳಿಗೆ ಹೇಳಿ ಮಾಡಿಸಿದ ವಾಹನವಾಯಿತು. ಪ್ಯೂಜೋ ಮೂಲದ 2,112 ಸಿಸಿ ಡೀಸೆಲ್ ಎಂಜಿನ್ನಿನ ಎಂಎಂ 540 ಮುಂದೆ ಇದೇ ಹಾದಿ ಹಿಡಿಯಿತು. ಈ ಗಾಡಿಗಳಲ್ಲಿ ಪಂಪ್ ಮತ್ತು ಫ್ಯಾನ್ ಎರಡೂ ಬೆಲ್ಟಿನಿಂದ ತಿರುಗುತ್ತವೆ. ಬೆಲ್ಟ್ ಸಡಿಲವಾದರೆ ನೀರಿನ ಹರಿವೂ ಗಾಳಿಯೂ ಒಟ್ಟಿಗೆ ಕುಗ್ಗುತ್ತವೆ.

ಮೂರನೆಯದು ವ್ಯಾನಿನ ಕಾಲ. ಬಜಾಜ್ ಟೆಂಪೊ ಮೆಟಡೋರ್, 1984ರಲ್ಲಿ ಬಂದು ಮುಂದೆ ಓಮ್ನಿ ಎನಿಸಿಕೊಂಡ 796 ಸಿಸಿಯ ಮಾರುತಿ ವ್ಯಾನ್ ಮಲೆನಾಡಿನಲ್ಲಿ ಬಾಡಿಗೆ ಗಾಡಿಯಾಗಿ, ಆಂಬುಲೆನ್ಸಾಗಿ ದುಡಿದವು. 2019ರಲ್ಲಿ ತಯಾರಿಕೆ ನಿಂತರೂ ಓಮ್ನಿಗಳು ಇನ್ನೂ ಓಡುತ್ತಿವೆ. ಓಮ್ನಿಯ ಎಂಜಿನ್ ಮುಂದಿನ ಸೀಟಿನ ಕೆಳಗಿದೆ. ಸೋರಿಕೆ ಚಾಲಕನ ಕಣ್ಣಿಗೆ ಬೇಗ ಬೀಳುವುದಿಲ್ಲ. ರೇಡಿಯೇಟರ್ ಫ್ಯಾನ್ ವಿದ್ಯುತ್ತಿನದು. ಹಾಗಾಗಿ ಫ್ಯೂಸ್, ರಿಲೇ, ಶಾಖದ ಸ್ವಿಚ್ಚುಗಳೂ ಸಂಶಯದ ಪಟ್ಟಿಗೆ ಸೇರಿದವು. ವ್ಯವಸ್ಥೆ ಒತ್ತಡದ ಮುಚ್ಚಳದಿಂದ ಬಿಗಿಯಾಯಿತು. 0.9 ಬಾರ್ ಒತ್ತಡ ಹಿಡಿದಿಡುವ ಮುಚ್ಚಳ ನೀರಿನ ಕುದಿಬಿಂದುವನ್ನು 118 ಡಿಗ್ರಿ ಆಸುಪಾಸಿಗೆ ಏರಿಸುತ್ತದೆ. ಮುಚ್ಚಳದ ರಬ್ಬರ್ ಸವೆದರೆ ಆ ಲಾಭವೆಲ್ಲ ಕೈತಪ್ಪುತ್ತದೆ.

ಹಳೆಯ ವ್ಯಾನ್ ಹೀಟ್ ಆದಾಗ ತಪಾಸಣೆ ನಡೆಯಬೇಕಾದ ಕ್ರಮ ಈ ಚರಿತ್ರೆಯ ಕ್ರಮವೇ. ಮೊದಲು ನೀರು: ಎಂಜಿನ್ ಪೂರ್ತಿ ತಣಿದ ಮೇಲೆ ಮಟ್ಟ, ಮುಚ್ಚಳ, ಹೋಸ್ ಪೈಪು, ಪಂಪಿನ ತಳದ ತೇವ ನೋಡಬೇಕು. ಬಿಸಿ ಇರುವಾಗ ಮುಚ್ಚಳ ತೆರೆದರೆ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಆಮೇಲೆ ಹರಿವು: ಬೆಲ್ಟಿನ ಬಿಗಿ, ಸುಮಾರು 82 ಡಿಗ್ರಿಯಲ್ಲಿ ತೆರೆಯಬೇಕಾದ ಥರ್ಮೋಸ್ಟಾಟ್, ತುಕ್ಕು ಕಟ್ಟಿದ ರೇಡಿಯೇಟರ್ ಕೊಳವೆಗಳು. ಎಂಜಿನ್ ಬಿಸಿಯೇರಿದರೂ ಕೆಳಗಿನ ಹೋಸ್ ತಣ್ಣಗೇ ಉಳಿದರೆ ಹರಿವು ಕಟ್ಟಿದೆ ಎಂದರ್ಥ. ಮೂರನೆಯದು ಗಾಳಿ. ಏರುವಾಗಲೂ ನಿಂತಾಗಲೂ ಮಾತ್ರ ಬಿಸಿಯಾಗಿ, ಸಮತಟ್ಟಿನಲ್ಲಿ ಓಡುವಾಗ ಸರಿಹೋದರೆ ಫ್ಯಾನನ್ನು, ಕೆಸರು ಮೆತ್ತಿದ ರೇಡಿಯೇಟರ್ ರೆಕ್ಕೆಗಳನ್ನು ಮೊದಲು ಶಂಕಿಸಬೇಕು. ಕೊನೆಗೆ ಹೆಡ್ ಗ್ಯಾಸ್ಕೆಟ್: ನೀರಿನಲ್ಲಿ ನಿಲ್ಲದ ಗುಳ್ಳೆ, ಸೈಲೆನ್ಸರಿನಿಂದ ಬಿಳಿ ಹೊಗೆ, ಎಣ್ಣೆಯ ಕಡ್ಡಿಯಲ್ಲಿ ಹಾಲು ಬೆರೆತ ಕಾಫಿಯ ಬಣ್ಣ ಇದರ ಗುರುತುಗಳು.

ತೊರೆಯ ನೀರು ತುಂಬಿ ಮುಂದೆ ಸಾಗುವ ರೂಢಿ ತೆರೆದ ರೇಡಿಯೇಟರಿನ ಕಾಲಕ್ಕೆ ಸಲ್ಲುತ್ತಿತ್ತು. ಬಿಗಿಯಾದ ವ್ಯವಸ್ಥೆಯಲ್ಲಿ ನೀರು ಕಡಿಮೆಯಾಗುತ್ತಿದ್ದರೆ ಎಲ್ಲೋ ಸೋರಿಕೆ ಇದ್ದೇ ಇದೆ. ಮಳೆಗಾಲದ ತೊರೆನೀರಿನಲ್ಲಿ ಹೂಳೂ ಇರುತ್ತದೆ. ಬರೀ ನೀರು ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಕೂಲಂಟ್ ಅದನ್ನು ತಡೆಯುತ್ತದೆ. ಕುದಿಯುವ ಎಂಜಿನ್ನಿಗೆ ಒಮ್ಮೆಲೇ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡಬಹುದು. ಆದ್ದರಿಂದ ಹಳೆಯ ವ್ಯಾನ್ ಇಟ್ಟುಕೊಂಡವರು ಘಾಟಿಯ ಬುಡದಲ್ಲೇ ನೀರು, ಬೆಲ್ಟ್, ಫ್ಯಾನ್ ನೋಡಿಕೊಂಡು ಹೊರಡಬೇಕು; ಶಾಖಮಾಪಕದ ಮುಳ್ಳು ಕೆಂಪಿನತ್ತ ಹೊರಳಿದೊಡನೆ ಗಾಡಿ ನಿಲ್ಲಿಸಿ ಎಂಜಿನ್ ತಣಿಯಲು ಬಿಡಬೇಕು. ಅರ್ಧ ಗಂಟೆಯ ಈ ತಾಳ್ಮೆ ಇಡೀ ಎಂಜಿನ್ನನ್ನು ಉಳಿಸುತ್ತದೆ.