ಕ್ಲರ್ಕ್ಸ್ (ಚಲನಚಿತ್ರ)

ಕ್ಲರ್ಕ್ಸ್ 1994ರಲ್ಲಿ ತೆರೆಕಂಡ ಅಮೆರಿಕದ ಕಪ್ಪು-ಬಿಳುಪು ಹಾಸ್ಯಚಿತ್ರ. ಕೆವಿನ್ ಸ್ಮಿತ್ ಬರೆದು ನಿರ್ದೇಶಿಸಿದ ಮೊದಲ ಕಥಾಚಿತ್ರವಿದು.

ಕಥಾವಸ್ತು

ನ್ಯೂಜೆರ್ಸಿಯ ಅಂಗಡಿಯೊಂದರ ಗುಮಾಸ್ತ ಡಾಂಟೆ (ಬ್ರಯಾನ್ ಓಹ್ಯಾಲರನ್) ರಜೆಯ ದಿನವೂ ಕೆಲಸಕ್ಕೆ ಬರಬೇಕಾಗುತ್ತದೆ. ವಿಚಿತ್ರ ಗಿರಾಕಿಗಳು, ಪ್ರೇಮದ ತೊಡಕುಗಳು, ಪಕ್ಕದ ವಿಡಿಯೊ ಅಂಗಡಿಯ ಗೆಳೆಯ ರಾಂಡಲ್‌ನೊಡನೆ (ಜೆಫ್ ಆಂಡರ್ಸನ್) ನಡೆಯುವ ಹರಟೆ, ಇವೆಲ್ಲ ಸೇರಿದ ಒಂದೇ ದಿನದ ಕಥೆಯಿದು.

ನಿರ್ಮಾಣ

ಚಿತ್ರೀಕರಣದ ವೆಚ್ಚ ಸುಮಾರು 27,000 ಡಾಲರ್. ಸ್ಮಿತ್ ಇದಕ್ಕಾಗಿ ತಮ್ಮ ಕಾಮಿಕ್ಸ್ ಸಂಗ್ರಹವನ್ನು ಮಾರಿದರು. ಕ್ರೆಡಿಟ್ ಕಾರ್ಡುಗಳ ಮೇಲೆ ಸಾಲ ಮಾಡಿದರು. ತಾವೇ ದುಡಿಯುತ್ತಿದ್ದ ಲಿಯೊನಾರ್ಡೊ ಊರಿನ ಕ್ವಿಕ್ ಸ್ಟಾಪ್ ಅಂಗಡಿಯಲ್ಲಿ, ವ್ಯಾಪಾರ ಮುಗಿದ ಮೇಲೆ ರಾತ್ರಿಯಲ್ಲಿ ಚಿತ್ರೀಕರಿಸಿದರು. ಹೊರಗಿನ ಕತ್ತಲೆಯನ್ನು ಮರೆಮಾಡಲು, ಬೀಗಕ್ಕೆ ಚೂಯಿಂಗ್ ಗಮ್ ಮೆತ್ತಿರುವುದರಿಂದ ಷಟರ್ ತೆರೆಯುತ್ತಿಲ್ಲವೆಂಬ ಸಂಗತಿಯನ್ನು ಕಥೆಯಲ್ಲಿಯೇ ಸೇರಿಸಲಾಯಿತು.

ಆಕರ್ಷಣೆ

ಏಳಿಗೆಯಿಲ್ಲದ ಉದ್ಯೋಗದ ಬೇಸರವನ್ನು ಚಿತ್ರವು ಕಣ್ಣೀರಿನ ವಸ್ತುವಾಗಿಸದೆ ಮಾತಿನ ಚಕಮಕಿಯಾಗಿಸುತ್ತದೆ. ಡಾಂಟೆ ತನ್ನ ಪಾಡಿಗೆ ಇತರರನ್ನು ದೂರುತ್ತಾನೆ. ಅವನನ್ನು ಅಲ್ಲಿ ಕಟ್ಟಿಹಾಕಿರುವುದು ಅವನದೇ ಹಿಂಜರಿಕೆಯೆಂದು ರಾಂಡಲ್ ಕೊನೆಗೆ ಮುಖಕ್ಕೆ ಹೇಳುತ್ತಾನೆ. ಇಂಥ ಕೆಲಸದಲ್ಲಿ ಸಿಲುಕಿದ ಪ್ರೇಕ್ಷಕನಿಗೆ ಈ ಮಾತು ನಗುವಿನ ನಡುವೆಯೂ ನಾಟುತ್ತದೆ.

ಮನ್ನಣೆ

ಚಿತ್ರವು 1994ರಲ್ಲಿ ಸನ್‌ಡಾನ್ಸ್ ಮತ್ತು ಕಾನ್ ಚಿತ್ರೋತ್ಸವಗಳಲ್ಲಿ ಪ್ರಶಸ್ತಿ ಗಳಿಸಿತು. 2019ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಸೇರಿತು. ಇದರ ಮುಂದುವರಿದ ಭಾಗಗಳು 2006 ಮತ್ತು 2022ರಲ್ಲಿ ಬಿಡುಗಡೆಯಾದವು.