ಮೊದಲ ಹನಿಗೆ ನಿಲ್ಲುವ ಕೈ

ನಿಜವಾದ ಮಲ್ಲ ಯಾರು? ಎದುರಾಳಿಯನ್ನು ಕೆಡವಿದವನೇ, ಇಲ್ಲವೆ ಅದಕ್ಕಿಂತ ಹೆಚ್ಚಿನದೇನನ್ನಾದರೂ ಬಲ್ಲವನೇ? ಗರಡಿಮನೆಗಳನ್ನು ಕುರಿತ ನಮ್ಮ ಮಾತುಕತೆಯಲ್ಲಿ ಈ ಪ್ರಶ್ನೆ ಎದ್ದಿತು. ಪರದೆಯ ಮೇಲೆ ಹೇಳಲು ಸಮಯ ಸಾಲದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕನ್ನಡ ನಾಡಿಗೆ ಈ ವಿಚಾರ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 12ನೆಯ ಶತಮಾನದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಭಾಗವಿದೆ. ಮಲ್ಲರನ್ನು ದರ್ಜೆಗಳಾಗಿ ವಿಂಗಡಿಸಿ, ಅವರ ಆಹಾರವನ್ನೂ ಅಭ್ಯಾಸವನ್ನೂ ಅಲ್ಲಿ ವಿವರಿಸಲಾಗಿದೆ. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಮಹಾನವಮಿಯ ಕಾಳಗಗಳಲ್ಲಿ ಹಲ್ಲು ಮುರಿಯುವಂಥ ಏಟುಗಳನ್ನು ವರ್ಣಿಸಿದ್ದಾನೆ. ಸ್ಪರ್ಧಿಗಳನ್ನು ಸರಿಸಮನಾಗಿ ನಿಲ್ಲಿಸುವ ತೀರ್ಪುಗಾರರು ಅಲ್ಲಿದ್ದುದನ್ನೂ ಅವನು ಮರೆಯದೆ ಬರೆದಿದ್ದಾನೆ. ಅಂದರೆ, ಬಲ ಇದ್ದಲ್ಲಿ ಕಟ್ಟಳೆಯೂ ಇತ್ತು.

ಆ ಹಬ್ಬದ ಸಂಪ್ರದಾಯ 1610ರಲ್ಲಿ ರಾಜ ಒಡೆಯರ ಮೂಲಕ ಶ್ರೀರಂಗಪಟ್ಟಣದಲ್ಲಿ ಮುಂದುವರಿದು, ಬಳಿಕ ಮೈಸೂರಿನ ದಸರೆಯಾಯಿತು. ವಿಜಯದಶಮಿಯ ಬೆಳಿಗ್ಗೆ ಅರಮನೆಯ ಅಂಗಳದಲ್ಲಿ ಇಂದಿಗೂ ಜೆಟ್ಟಿಗಳು ವಜ್ರಮುಷ್ಟಿ ಕಾಳಗಕ್ಕೆ ಇಳಿಯುತ್ತಾರೆ. ತಲೆ ಬೋಳಿಸಿಕೊಂಡು, ಮೊನೆಗಳುಳ್ಳ ಸಣ್ಣ ಆಯುಧವನ್ನು ಬೆರಳುಗಳಿಗೆ ಸಿಕ್ಕಿಸಿಕೊಂಡು ಎದುರುಬದುರು ನಿಲ್ಲುತ್ತಾರೆ. ಒಬ್ಬನ ತಲೆಯಿಂದ ರಕ್ತ ಚಿಮ್ಮಿದೊಡನೆ ಉಸ್ತಾದರು ನಡುವೆ ನುಗ್ಗಿ ಇಬ್ಬರನ್ನೂ ಬಿಡಿಸುತ್ತಾರೆ. ಕಾಳಗ ಮುಗಿಯಿತು.

ಅದನ್ನು ಮೊದಲ ಸಲ ಚಿತ್ರೀಕರಿಸಲು ಹೋದಾಗ ನನಗೆ ನಿರಾಸೆಯಾಗಿತ್ತು. ಕ್ಯಾಮೆರಾ ಸರಿಯಾಗಿ ತಿರುಗುವ ಮೊದಲೇ ಎಲ್ಲ ಮುಗಿದುಹೋಗಿತ್ತು. ಸಂಕಲನದ ಕೋಣೆಯಲ್ಲಿ ಆ ಒಂದು ಏಟನ್ನೇ ನಿಧಾನಗತಿಯಲ್ಲಿ ಮೂರು ಬಾರಿ ಜೋಡಿಸಿದೆ. ನೋಡಿದ ಹಿರಿಯ ಜೆಟ್ಟಿಯೊಬ್ಬರು, "ಹೊಡೆದದ್ದನ್ನು ಮೂರು ಸಲ ತೋರಿಸಿದಿರಿ ಸ್ವಾಮಿ, ನಿಲ್ಲಿಸಿದ್ದನ್ನು ಒಂದು ಸಲವೂ ತೋರಿಸಲಿಲ್ಲವಲ್ಲ" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಆಮೇಲೆ ನಾನು ಕಾಲೇಜಿನಲ್ಲಿ ಓದಿದ ಭೌತಶಾಸ್ತ್ರ ನೆನಪಾಯಿತು. ಬಲ ಬೀಳುವ ಜಾಗ ಕಿರಿದಾದಷ್ಟೂ ಒತ್ತಡ ಹೆಚ್ಚು. ಮೊನೆಯಿರುವ ಮುಷ್ಟಿಗೆ ಚರ್ಮ ಸೀಳಲು ಭೀಮಬಲವೇನೂ ಬೇಡ. ನೆತ್ತಿಯ ಚರ್ಮದಲ್ಲಿ ರಕ್ತನಾಳಗಳು ಹೇರಳವಾಗಿರುವುದರಿಂದ ಸಣ್ಣ ಗೀರಿಗೂ ರಕ್ತ ಬೇಗ ಕಾಣಿಸುತ್ತದೆ. ಹಾಗಾಗಿ ಗೆಲ್ಲಲು ಆಳವಾದ ಗಾಯ ಬೇಕಿಲ್ಲ. ಎಷ್ಟು ಜೋರಾಗಿ ಹೊಡೆಯಬಲ್ಲೆ ಎನ್ನುವುದಕ್ಕಿಂತ ಎಷ್ಟು ಕಡಿಮೆಯಲ್ಲಿ ಮುಗಿಸಬಲ್ಲೆ ಎನ್ನುವುದೇ ಇಲ್ಲಿಯ ಪರೀಕ್ಷೆ ಎಂದು ನನಗೆ ತೋರುತ್ತದೆ.

ಆದರೆ ವಿದ್ಯೆ ತಾನಾಗಿಯೇ ಯಾರನ್ನೂ ಸಜ್ಜನನನ್ನಾಗಿ ಮಾಡುವುದಿಲ್ಲ. ಹಿಂದಿನ ಮೈಸೂರು ಆಳ್ವಿಕೆಯಲ್ಲಿ ಮರಣದಂಡನೆಯನ್ನು ಜಾರಿಗೊಳಿಸಲು ಜೆಟ್ಟಿಗಳನ್ನು ಬಳಸಿದ್ದುಂಟು. ಅದೇ ಜೆಟ್ಟಿಗಳು ಸರಿದ ಕೀಲನ್ನು ಕೂರಿಸುವುದರಲ್ಲಿ, ಎಣ್ಣೆ ತಿಕ್ಕಿ ನೋವು ಇಳಿಸುವುದರಲ್ಲಿ ಹೆಸರಾದವರು. ಕತ್ತು ಮುರಿಯುವುದಕ್ಕೂ ಭುಜ ಕೂರಿಸುವುದಕ್ಕೂ ಬೇಕಾದ ದೇಹಜ್ಞಾನ ಒಂದೇ. ಆ ಜ್ಞಾನವನ್ನು ಯಾವ ಕೆಲಸಕ್ಕೆ ಹಚ್ಚುತ್ತಾನೆ ಎಂಬುದರಲ್ಲಿ ಮಲ್ಲನ ಯೋಗ್ಯತೆ ತಿಳಿಯುತ್ತದೆ.

1971ರಲ್ಲಿ ರಾಜಧನ ರದ್ದಾದ ಮೇಲೆ ಅರಮನೆಯ ಹಳೆಯ ಆಶ್ರಯ ಉಳಿಯಲಿಲ್ಲ. ಬೇರೆ ಉದ್ಯೋಗ ಹಿಡಿದವರೂ ದಸರೆಗೆಂದು ಅಭ್ಯಾಸ ಮಾಡಿ ಬರುತ್ತಾರೆ. ಸಿನಿಮಾದ ಹೊಡೆದಾಟ ನೋಡಿ ಬೆಳೆದ ನಮ್ಮ ಮಕ್ಕಳಿಗೆ ಈ ಕಾಳಗ ಸಪ್ಪೆ ಎನಿಸಬಹುದು. ಆಗ ಅವರಿಗೆ ಒಂದು ಮಾತು ಹೇಳಿ: ಏಟನ್ನಲ್ಲ, ಉಸ್ತಾದರು ಬಂದ ಕ್ಷಣದಲ್ಲಿ ಗೆದ್ದವನ ಕೈಯನ್ನು ನೋಡಿ. ಅದು ಎತ್ತಿದಲ್ಲೇ ನಿಂತಿರುತ್ತದೆ.