ಗಡಿಗೆಯಿಂದ ಬಕೆಟ್ಟಿನವರೆಗೆ: ತಾನೇ ನೀರುಣಿಸುವ ಕುಂಡದ ಚರಿತ್ರೆ

ಬೆಳ್ಳಿಹಬ್ಬದ ಈ ಸಂಚಿಕೆಯಲ್ಲಿ ಸಂಘದ ಸಾಲ, ಠೇವಣಿ, ಲಾಭಾಂಶಗಳ ವಿವರ ಬರೆಯಲು ಬಲ್ಲವರು ಅನೇಕರಿದ್ದಾರೆ. ನಾವು ಬರೆಯಹೊರಟಿರುವುದು ಮನೆಯಂಗಳದ ಒಂದು ಕುಂಡದ ಚರಿತ್ರೆ. "ಕುಂಡಕ್ಕೂ ಸೊಸೈಟಿಗೂ ಏನ್ರಿ ಸಂಬಂಧ?" ಎಂದು ಕೇಳುವ ಸದಸ್ಯ ಬಾಂಧವರು ತಾಳ್ಮೆಯಿಂದ ಕೊನೆಯವರೆಗೆ ಓದಬೇಕೆಂದು ವಿನಂತಿಸುತ್ತೇವೆ.

ಈ ಮಾತು ಶುರುವಾದದ್ದು 2024ರ ಬೇಸಿಗೆಯಲ್ಲಿ. ಹಿಂದಿನ ವರ್ಷ, ಅಂದರೆ 2023ರಲ್ಲಿ, ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತವೆಂದು ಘೋಷಿಸಿತ್ತು. ನಮ್ಮೂರಿನ ಕೊಳವೆಬಾವಿಗಳು ಒಂದೊಂದಾಗಿ ಬತ್ತಿದವು. ನಲ್ಲಿಗೆ ವಾರಕ್ಕೊಮ್ಮೆ ನೀರು. ಕುಡಿಯುವ ನೀರಿಗೇ ಕೊಡಗಳ ಸಾಲು ಹಚ್ಚುವಾಗ ಹಿತ್ತಲಿನ ಬದನೆ, ಮೆಣಸಿನಗಿಡ, ಕರಿಬೇವುಗಳನ್ನು ಕೇಳುವವರು ಯಾರು? ಎಷ್ಟೋ ಮನೆಗಳ ತುಳಸಿ ಕೂಡ ಒಣಗಿಹೋಯಿತು.

ಅದೇ ಹೊತ್ತಿಗೆ ಪಟ್ಟಣದಲ್ಲಿ ನೌಕರಿ ಮಾಡುವ ಹುಡುಗನೊಬ್ಬ ಊರಿಗೆ ಬರುವಾಗ ಹೊಸ ನಮೂನೆಯ ಪ್ಲಾಸ್ಟಿಕ್ ಕುಂಡ ತಂದ. ಅದರ ತಳದಲ್ಲಿ ನೀರು ನಿಲ್ಲುವ ಜಾಗ. ಒಮ್ಮೆ ತುಂಬಿಸಿದರೆ ನಾಲ್ಕೈದು ದಿನ ಗಿಡ ತಾನೇ ನೀರು ಕುಡಿಯುತ್ತದೆ. ಸೊಸೈಟಿ ಕಟ್ಟೆಯ ಮೇಲೆ ಅದನ್ನು ಇಟ್ಟಾಗ ನೋಡಲು ಜನ ಸೇರಿದರು. ಎಂಬತ್ತು ದಾಟಿದ ಅಜ್ಜಿಯೊಬ್ಬರು ಮಾತ್ರ ನಕ್ಕು, "ಇದರಾಗ ಹೊಸಾದೇನೈತೋ ತಮ್ಮಾ? ನಮ್ಮತ್ತಿ ಬ್ಯಾಸಿಗ್ಯಾಗ ತುಳಸಿ ಬುಡಕ ಗಡಿಗಿ ಹುಗದು ನೀರು ತುಂಬಸ್ತಿದ್ರು" ಅಂದರು. ಆ ಒಂದು ಮಾತಿನಿಂದ ನಾವು ಈ ಚರಿತ್ರೆಯ ಬೆನ್ನು ಹತ್ತಿದೆವು.

ಹುಡುಕುತ್ತ ಹೋದಂತೆ ಅಜ್ಜಿ ಹೇಳಿದ ಉಪಾಯಕ್ಕೆ ಎರಡು ಸಾವಿರ ವರ್ಷಗಳ ಹಿನ್ನೆಲೆ ಇರುವುದು ತಿಳಿಯಿತು. ಕ್ರಿಸ್ತಪೂರ್ವ ಒಂದನೆಯ ಶತಮಾನದಲ್ಲಿ ಚೀನಾ ದೇಶದ ಫಾನ್ ಷೆಂಗ್‌ಝಿ ಎಂಬಾತ ಒಕ್ಕಲುತನದ ಬಗ್ಗೆ ಒಂದು ಪುಸ್ತಕ ಬರೆದ. ಮೂಲ ಪುಸ್ತಕ ಕಳೆದುಹೋಗಿದೆ. ಆದರೆ ಮುಂದಿನ ಕಾಲದ ಕೃಷಿಗ್ರಂಥದಲ್ಲಿ ಅದರ ಭಾಗಗಳು ಉಳಿದುಬಂದಿವೆ. ಗುಂಡಿಗೆ ಗೊಬ್ಬರ, ಮಣ್ಣು ಬೆರೆಸಿ ಹಾಕಬೇಕು. ನಡುವೆ ಮಣ್ಣಿನ ಗಡಿಗೆಯನ್ನು ಬಾಯಿ ನೆಲಮಟ್ಟಕ್ಕೆ ಬರುವಂತೆ ಹೂಳಬೇಕು. ನೀರು ತುಂಬಿ ಸುತ್ತಲೂ ನಾಲ್ಕು ಕರಬೂಜದ ಬೀಜ ಊರಬೇಕು. ಬಾಯಿಗೆ ಹೆಂಚು ಮುಚ್ಚಿ, ನೀರು ಇಳಿದಂತೆ ಮತ್ತೆ ತುಂಬಬೇಕು ಎಂಬುದು ಆತನ ವಿವರಣೆ. ಇದಕ್ಕೆ ಇಂದಿಗೂ ಸೇರಿಸಬೇಕಾದದ್ದು ಹೆಚ್ಚೇನಿಲ್ಲ.

ಇದರ ಗುಟ್ಟು ಇರುವುದು ಗಡಿಗೆಯ ಮೈಯಲ್ಲಿ. ಹೊಳಪು ಲೇಪಿಸದೆ ಸುಟ್ಟ ಮಣ್ಣಿನಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮ ರಂಧ್ರಗಳಿರುತ್ತವೆ. ಬೇಸಿಗೆಯಲ್ಲಿ ಕುಡಿಯುವ ನೀರಿನ ಗಡಿಗೆ ಬೆವರಿ ತಂಪಾಗುವುದು ಈ ರಂಧ್ರಗಳಿಂದಲೇ. ಅದೇ ಗಡಿಗೆ ನೆಲದೊಳಗಿದ್ದರೆ, ಸುತ್ತಲಿನ ಒಣಮಣ್ಣು ನೀರನ್ನು ಹೀರಿಕೊಳ್ಳುತ್ತದೆ. ಮಣ್ಣು ಹಸಿಯಾದ ಮೇಲೆ ಹೀರುವ ಶಕ್ತಿ ಕಡಿಮೆಯಾಗಿ ಜಿನುಗುವುದೂ ತಗ್ಗುತ್ತದೆ. ಬೇರು ನೀರು ಕುಡಿದು ಮಣ್ಣು ಆರಿದಾಗ ಮತ್ತೆ ಜಿನುಗುತ್ತದೆ. ನಲ್ಲಿ ತಿರುಗಿಸುವ ಮನುಷ್ಯನೂ ಬೇಡ, ಕರೆಂಟೂ ಬೇಡ. ಮೇಲ್ಮಣ್ಣು ಒಣಗಿಯೇ ಇರುವುದರಿಂದ ಬಿಸಿಲಿಗೆ ಆವಿಯಾಗುವ ನೀರೂ ಕಡಿಮೆ, ಕಳೆಯೂ ಕಡಿಮೆ.

ಇನ್ನು ಹನಿ ಹನಿಯಾಗಿ ನೀರು ಕೊಡುವ ಕಲ್ಪನೆ ನಮ್ಮವರಿಗೆ ಹೊಸದೇನಲ್ಲ. ಶಿವಲಿಂಗದ ಮೇಲೆ ತೂಗುವ ಧಾರಾಪಾತ್ರೆಯನ್ನು ಕಾಣದವರು ಯಾರಿದ್ದಾರೆ? ಬೇಸಿಗೆಯಲ್ಲಿ ತುಳಸಿಯ ಮೇಲೆ ಇಂಥದೇ ತೂತಿನ ಗಡಿಗೆ ಕಟ್ಟುವ ಪದ್ಧತಿಯೂ ದೇಶದ ಕೆಲವು ಕಡೆ ಇದೆ. ಭಕ್ತಿಯ ಜೊತೆಗೆ ಬೇಸಿಗೆ ದಾಟಿಸುವ ಬುದ್ಧಿಯೂ ಅದರಲ್ಲಿತ್ತೆಂದು ನಮಗೆ ತೋರುತ್ತದೆ.

ಕಡಲಿನಾಚೆ ಈ ಚಿಂತನೆ ಬೇರೊಂದು ದಾರಿ ಹಿಡಿಯಿತು. 1829ರಲ್ಲಿ ಲಂಡನ್ನಿನ ನಥಾನಿಯಲ್ ವಾರ್ಡ್ ಎಂಬ ವೈದ್ಯರು ಪತಂಗದ ಗೂಡೊಂದನ್ನು ಹಸಿಮಣ್ಣಿನ ಜೊತೆ ಮುಚ್ಚಿದ ಸೀಸೆಯಲ್ಲಿ ಇಟ್ಟಿದ್ದರು. ಪತಂಗದ ಮಾತು ಹಾಗಿರಲಿ, ಮಣ್ಣಿನಲ್ಲಿ ಒಂದು ಜರೀಗಿಡ ಮತ್ತು ಹುಲ್ಲು ಚಿಗುರಿದವು! ಆವಿಯಾದ ನೀರು ಗಾಜಿಗೆ ತಾಗಿ ಹನಿಯಾಗಿ ಮರಳಿ ಮಣ್ಣಿಗೆ ಬೀಳುತ್ತಿತ್ತು. ಅವರು ಗಾಜಿನ ಪೆಟ್ಟಿಗೆಗಳನ್ನೇ ಮಾಡಿಸಿ 1833ರಲ್ಲಿ ಗಿಡಗಳನ್ನು ಹಡಗಿನಲ್ಲಿ ಆಸ್ಟ್ರೇಲಿಯಾಕ್ಕೆ ಕಳಿಸಿದಾಗ, ತಿಂಗಳುಗಟ್ಟಲೆ ಪ್ರಯಾಣದ ನಂತರವೂ ಅವು ಜೀವಂತವಾಗಿದ್ದವು. ಮುಂದೆ ರಾಬರ್ಟ್ ಫಾರ್ಚೂನ್ ಎಂಬಾತ ಚೀನಾದಿಂದ ಚಹದ ಸಸಿಗಳನ್ನು ಹಿಮಾಲಯದ ತಪ್ಪಲಿಗೆ ತಂದದ್ದು ಇಂಥ ಪೆಟ್ಟಿಗೆಗಳಲ್ಲೇ. ನೀರನ್ನು ಹಿಡಿದಿಟ್ಟು ಗಿಡಕ್ಕೆ ತಾನಾಗಿಯೇ ಸಿಗುವಂತೆ ಮಾಡಿದ ಒಂದು ಪೆಟ್ಟಿಗೆ ದೇಶದೇಶಗಳ ಬೆಳೆಯನ್ನೇ ಬದಲಿಸಿತು.

ಹೂಳುವ ಗಡಿಗೆಯನ್ನು ನಮ್ಮ ದೇಶದ ವಿಜ್ಞಾನಿಗಳು ಮತ್ತೆ ಕೈಗೆತ್ತಿಕೊಂಡದ್ದು 1970ರ ದಶಕದಲ್ಲಿ. ಹರಿಯಾಣದ ಕರ್ನಾಲಿನಲ್ಲಿರುವ ಕೇಂದ್ರೀಯ ಮಣ್ಣು ಲವಣಾಂಶ ಸಂಶೋಧನಾ ಸಂಸ್ಥೆಯಲ್ಲಿ ಆರ್. ಸಿ. ಮಂಡಲ್ ಅವರು ಗಡಿಗೆ ಹೂಳಿ ತರಕಾರಿ ಬೆಳೆಯುವ ಪ್ರಯೋಗ ಮಾಡಿ 1974ರಲ್ಲಿ ಪ್ರಕಟಿಸಿದರು. ಇತ್ತ ಅಮೆರಿಕದ ಫ್ಲಾರಿಡಾದಲ್ಲಿ ಬ್ಲೇಕ್ ವಿಸೆನಂಟ್ ಎಂಬ ಟೊಮೆಟೊ ಬೆಳೆಗಾರ 1990ರ ದಶಕದಲ್ಲಿ ಪ್ಲಾಸ್ಟಿಕ್ ಪೆಟ್ಟಿಗೆಯೊಂದನ್ನು ಮಾರುಕಟ್ಟೆಗೆ ತಂದ. ಕೆಳಗೆ ನೀರು, ನಡುವೆ ಜಾಲರಿ, ಮೇಲೆ ಮಣ್ಣು, ನೀರು ಸುರಿಯಲು ಒಂದು ಕೊಳವೆ. ನಮ್ಮ ಕಟ್ಟೆಗೆ ಬಂದ ಕುಂಡವೂ ಇದೇ ಬಳಗದ್ದು. ಹೂಳುವ ಗಡಿಗೆಯನ್ನೂ ಈಗ ಅಮೆರಿಕದವರು 'ಓಯಾ' ಎಂಬ ಸ್ಪ್ಯಾನಿಷ್ ಹೆಸರಿನಲ್ಲಿ ಕೊಳ್ಳುತ್ತಾರೆ. ಅಜ್ಜಿಯ ಗಡಿಗೆ ಅಂಗಡಿಯ ಸರಕಾಗಿದೆ!

ಇಷ್ಟು ತಿಳಿದ ಮೇಲೆ ಕೈಕಟ್ಟಿ ಕೂಡಲು ಮನಸ್ಸಾಗಲಿಲ್ಲ. ಸಂಘದ ಕೆಲವು ಸದಸ್ಯರು, ಅವರಲ್ಲೂ ತಾಯಂದಿರೇ ಹೆಚ್ಚು, ಸೇರಿ ಖಾಲಿ ಪೇಂಟ್ ಬಕೆಟ್ಟುಗಳಲ್ಲಿ ಇಂಥ ಕುಂಡ ಮಾಡಿದೆವು. ಮೊದಲ ಸಲ ನಾವು ಸೋತೆವು ಎಂಬುದನ್ನು ಮುಚ್ಚಿಡುವುದಿಲ್ಲ. ಹೆಚ್ಚಾದ ನೀರು ಹೊರಹೋಗಲು ತೂತು ಬಿಡುವುದನ್ನೇ ಮರೆತಿದ್ದೆವು. ಮೇಲಾಗಿ ಹೊಲದ ಎರೆಮಣ್ಣನ್ನೇ ತುಂಬಿದ್ದೆವು. ಮಣ್ಣು ಕೆಸರಾಗಿ ಬೇರಿಗೆ ಗಾಳಿ ಸಿಗದೆ ಟೊಮೆಟೊ ಸಸಿಗಳು ಹಳದಿಯಾಗಿ ಕೊಳೆತವು. ನೀರಿಲ್ಲದೆ ಒಣಗಿದ ಊರಿನಲ್ಲಿ ನಾವು ನೀರು ಹೆಚ್ಚಾಗಿ ಗಿಡ ಕೊಂದೆವು. "ಬರದಾಗೂ ಗಿಡಾ ಮುಳುಗಿಸಿದ್ರಲ್ರೀ!" ಎಂದು ಜನ ಆಡಿಕೊಂಡರು.

ಎರಡನೆಯ ಸಲ ತಿದ್ದಿಕೊಂಡ ಕ್ರಮವನ್ನು ಇಲ್ಲಿ ಕೊಡುತ್ತೇವೆ. ಒಂದೇ ಅಳತೆಯ ಎರಡು ಬಕೆಟ್ ತೆಗೆದುಕೊಂಡು ಒಂದರೊಳಗೆ ಒಂದನ್ನು ಕೂಡಿಸಬೇಕು. ತಳಗಳ ನಡುವೆ ಇಟ್ಟಿಗೆ ಚೂರು ಇಟ್ಟರೆ ನೀರು ನಿಲ್ಲುವ ಜಾಗ ಸಿಗುತ್ತದೆ. ಮೇಲಿನ ಬಕೆಟ್ಟಿನ ತಳಕ್ಕೆ ಸಣ್ಣ ತೂತುಗಳನ್ನು ಕೊರೆದು, ನಡುವೆ ಒಂದು ದೊಡ್ಡ ತೂತಿನಿಂದ ದಪ್ಪನೆಯ ಬತ್ತಿಯನ್ನು ಕೆಳಗಿನ ನೀರಿಗೆ ಇಳಿಬಿಡಬೇಕು. ದೀಪದ ಬತ್ತಿ ಎಣ್ಣೆ ಏರಿಸುವಂತೆ ಇದು ನೀರು ಏರಿಸುತ್ತದೆ. ಹತ್ತಿಯ ಬತ್ತಿ ಬೇಗ ಕೊಳೆಯುತ್ತದೆ. ಹಳೆಯ ನೈಲಾನ್ ಹಗ್ಗದ ಎಳೆ ಬಾಳಿಕೆ ಬರುತ್ತದೆ. ಕೆಳಗಿನ ಬಕೆಟ್ಟಿಗೆ, ಮೇಲಿನ ಬಕೆಟ್ಟಿನ ತಳಕ್ಕಿಂತ ಒಂದು ಬೆರಳು ಕೆಳಗೆ, ಹೆಚ್ಚಿನ ನೀರು ಹೋಗುವ ತೂತು ಬಿಡಲೇಬೇಕು. ನೀರು ಸುರಿಯಲು ಪೈಪಿನ ತುಂಡೊಂದನ್ನು ಮೂಲೆಯಲ್ಲಿ ನಿಲ್ಲಿಸಬೇಕು. ಮಣ್ಣಿನ ಬದಲು ತೆಂಗಿನ ನಾರಿನ ಪುಡಿ, ಚೆನ್ನಾಗಿ ಕಳಿತ ಗೊಬ್ಬರ, ಸ್ವಲ್ಪ ಕೆಮ್ಮಣ್ಣು ಬೆರೆಸಿ ತುಂಬಬೇಕು. ಮೊದಲ ದಿನ ಮೇಲಿನಿಂದಲೇ ನೀರು ಹಾಕಿ ಎಲ್ಲವನ್ನೂ ತೋಯಿಸಬೇಕು. ಒಣಗಿದ ಪುಡಿಯಲ್ಲಿ ನೀರು ತಾನಾಗಿ ಏರುವುದಿಲ್ಲ.

ಇನ್ನೊಂದು ಎಚ್ಚರಿಕೆ. ನಿಂತ ನೀರೆಂದರೆ ಸೊಳ್ಳೆಗೆ ತವರುಮನೆ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಸುಮಾರು ಒಂದು ವಾರದಿಂದ ಹತ್ತು ದಿನ ಸಾಕು. ಆದ್ದರಿಂದ ಪೈಪಿನ ಬಾಯಿಗೂ, ನೀರು ಹೋಗುವ ತೂತಿಗೂ ಬಟ್ಟೆ ಅಥವಾ ಸಣ್ಣ ಜಾಲರಿ ಕಟ್ಟಬೇಕು. ಗಡಿಗೆಯಾದರೆ ಬಾಯಿ ಬಿಗಿಯಾಗಿ ಮುಚ್ಚಬೇಕು. ಗಿಡ ಉಳಿಸಲು ಹೋಗಿ ಮನೆಗೆ ಡೆಂಗ್ಯೂ ತರಬಾರದು.

ಬಕೆಟ್ಟು ಆಯಿತು, ಇನ್ನು ಗಡಿಗೆ ನೋಡೋಣವೆಂದು ಕುಂಬಾರ ಓಣಿಗೆ ಹೋದೆವು. ಒಂದು ಕಾಲಕ್ಕೆ ಅಲ್ಲಿ ಏಳು ತಿಗರಿ ತಿರುಗುತ್ತಿದ್ದವು, ಈಗ ಒಂದೇ. ನಮ್ಮ ಮಾತು ಕೇಳಿ ಆ ಹಿರಿಯರು, "ಜಿನುಗೋ ಗಡಿಗಿ ಬ್ಯಾಡಂತ ಮಂದಿ ವಾಪಸ್ ತಂದು ಕೊಡ್ತಿದ್ರು. ಜಿನುಗೋದೇ ಬೇಕಂತ ಬಂದವ್ರು ನೀವೇ ಮೊದಲಿಗ್ರು ನೋಡ್ರಿ" ಎಂದು ನಕ್ಕರು. ಮಣ್ಣಿಗೆ ಕಟ್ಟಿಗೆ ಪುಡಿ ಬೆರೆಸಿದರೆ ಸುಡುವಾಗ ಪುಡಿ ಉರಿದು ರಂಧ್ರ ಹೆಚ್ಚುತ್ತದೆ, ಹೊರಮೈ ತಿಕ್ಕಿ ನುಣುಪು ಮಾಡಬಾರದು ಎಂದು ಅವರೇ ಹೇಳಿಕೊಟ್ಟರು. ನಮ್ಮ ಗಡಸು ನೀರಿನ ಸುಣ್ಣ ಕಟ್ಟಿ ರಂಧ್ರ ಮುಚ್ಚುವುದರಿಂದ ಆಗಾಗ ಗಡಿಗೆ ತೆಗೆದು ತಿಕ್ಕಿ ತೊಳೆಯಬೇಕೆಂಬುದು ನಾವು ಅನುಭವದಿಂದ ಕಲಿತದ್ದು. ಬೇರು ದಪ್ಪವಾಗುವ ಗಿಡಗಳು ಗಡಿಗೆಯನ್ನೇ ಒಡೆಯಬಲ್ಲವು. ಮೆಣಸಿನಕಾಯಿ, ಬದನೆ, ಸವತೆ, ಟೊಮೆಟೊಗಳಿಗೆ ಇದು ಹೇಳಿಮಾಡಿಸಿದ್ದು.

ಈಗ ಮೊದಲಿನ ಪ್ರಶ್ನೆಗೆ ಬರುತ್ತೇವೆ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ದೇಶದಲ್ಲೇ ಮೊದಲನೆಯದೆನಿಸಿದ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಒಬ್ಬೊಬ್ಬರು ಸ್ವಲ್ಪ ಸ್ವಲ್ಪ ತುಂಬಿದ್ದನ್ನು ಒಂದೆಡೆ ಹಿಡಿದಿಟ್ಟು, ಬೇಕಾದವರಿಗೆ ಬೇಕಾದಾಗ ಬೇಕಾದಷ್ಟು ಕೊಡುವುದೇ ಅಂಥ ಸಂಘದ ಕೆಲಸ. ಗಡಿಗೆಯೂ ಮಾಡುವುದು ಅದನ್ನೇ. ತುಂಬುವುದನ್ನು ಮರೆತರೆ ಎರಡೂ ಬರಿದಾಗುತ್ತವೆ. ತೂತು ಮುಚ್ಚಿದರೆ ಎರಡೂ ಕೊಳೆಯುತ್ತವೆ.

ಆದ್ದರಿಂದ ಸರ್ವಸಾಧಾರಣ ಸಭೆಯ ಮುಂದೆ ನಮ್ಮದೊಂದು ಸಣ್ಣ ಸೂಚನೆ. ಪ್ರತಿವರ್ಷ ಸಂಕ್ರಾಂತಿಯ ಹೊತ್ತಿಗೆ ಸದಸ್ಯರಿಂದ ಗಡಿಗೆಗಳ ಬೇಡಿಕೆಯನ್ನು ಸಂಘವೇ ಒಟ್ಟಿಗೆ ಪಡೆದು, ನಮ್ಮೂರ ಕುಂಬಾರರಿಗೆ ಮುಂಗಡ ಕೊಡಲಿ. ಬೇಸಿಗೆಗೆ ಮನೆಗೆರಡು ಗಡಿಗೆ ಬಂದರೆ ಹಿತ್ತಲಿನ ನಾಲ್ಕು ಗಿಡ ಉಳಿಯುತ್ತವೆ, ತಾಯಂದಿರ ತಲೆಯ ಮೇಲಿನ ಒಂದೆರಡು ಕೊಡ ಇಳಿಯುತ್ತವೆ, ಉಳಿದಿರುವ ಒಂದು ತಿಗರಿ ತಿರುಗುತ್ತಲೇ ಇರುತ್ತದೆ. ಅಜ್ಜಿಯ ತುಳಸಿಕಟ್ಟೆಯಲ್ಲಿ ಮೊದಲ ಗಡಿಗೆಯನ್ನು ನಾವು ಆಗಲೇ ಹೂಳಿದ್ದೇವೆ. ಬಂದು ನೋಡಬಹುದು, ತುಳಸಿ ಚಿಗುರಿದೆ.